ಕಾಂಗ್ರೆಸ್ ಕಸವೂ ಪಡ ಬಿದ್ದ ಹೊಲವೂ
(ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಇಲ್ಲಿ ಕುಳಿತವರಲ್ಲಿ ಬಹಳ ಮಂದಿಗೆ ಊರಲ್ಲಿ ಹೊಲವಿದೆ. ಒಬ್ಬರಿಗೆ ಎರಡೆಕರೆ, ಇನ್ನೊಬ್ಬರಿಗೆ ನಾಲ್ಕು, ಮತ್ತೊಬ್ಬರಿಗೆ ಅಣ್ಣತಮ್ಮಂದಿರಲ್ಲಿ ಇನ್ನೂ ಪಾಲಾಗದ ಒಂದು ತುಂಡು. ವಿಜಯಪುರ, ಬಾಗಲಕೋಟೆ, ಕಲಬುರಗಿ ಜಿಲ್ಲೆಗಳವರಿದ್ದೀರಿ. ಜತ್ತ, ಅಕ್ಕಲಕೋಟದ ಕಡೆಯವರೂ ಇದ್ದೀರಿ. ದುಡಿಮೆ ಪುಣೆಯಲ್ಲಿ, ಉತಾರೆ ಊರಲ್ಲಿ. ಆ ಹೊಲದಲ್ಲಿ ನಾವಿಲ್ಲದಾಗ ಏನು ಬೆಳೆಯುತ್ತಿದೆ ಎಂಬುದೇ ಇಂದಿನ ವಿಷಯ. ಹೆಚ್ಚಿನ ಕಡೆ ಬೆಳೆಯುತ್ತಿರುವುದು ಕಾಂಗ್ರೆಸ್ ಕಸ. ಹೆಸರು ಕೇಳಿ ಇದು ರಾಜಕಾರಣದ ಭಾಷಣವಿರಬಹುದೆಂದು ಬಂದವರು ಕ್ಷಮಿಸಬೇಕು. ಬಿಳಿಯ ಚಿಕ್ಕ ಹೂವು ಟೋಪಿಯ ಹಾಗೆ ಕಾಣುವುದರಿಂದ ಈ ಹೆಸರು ಬಂತೆಂದು ಕೆಲವರು ಹೇಳುತ್ತಾರೆ. ಅಮೇರಿಕೆಯ ಧಾನ್ಯದ ಕೂಡ ಬಂದುದರಿಂದ ಆ ದೇಶದ ಕಾಂಗ್ರೆಸ್ಸಿನ ಹೆಸರೇ ಅಂಟಿತೆಂದು ಇನ್ನು ಕೆಲವರು ಹೇಳುತ್ತಾರೆ. ಮರಾಠಿಯವರು ಗಾಜರ ಗವತ ಎನ್ನುತ್ತಾರೆ, ಎಲೆ ಗಜ್ಜರಿಯ ಎಲೆಯಂತಿದೆ. ಶಾಸ್ತ್ರದಲ್ಲಿ ಅದು ಪಾರ್ಥೇನಿಯಂ ಹಿಸ್ಟೆರೋಫೋರಸ್.

ಈ ಮಾತನ್ನು ಪುಣೆಯಲ್ಲಿ ಆಡುವುದಕ್ಕೆ ಒಂದು ಕಾರಣವುಂಟು. ಈ ಗಿಡ ನಮ್ಮ ದೇಶದಲ್ಲಿ ಹಬ್ಬತೊಡಗಿದ್ದು ಇದೇ ಊರಿನಿಂದ. 1955ರ ಸುಮಾರಿಗೆ ಇಲ್ಲಿಯ ಕಸದ ಗುಡ್ಡೆಗಳ ಮೇಲೆ ಬೆರಳೆಣಿಕೆಯ ಗಿಡಗಳಿದ್ದವು. ಸಸ್ಯಶಾಸ್ತ್ರಜ್ಞರಾದ ಆರ್. ಎಸ್. ರಾವ್ ಅವರು 1956ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಇದನ್ನು ಭಾರತಕ್ಕೆ ಹೊಸದೆಂದು ದಾಖಲು ಮಾಡಿದರು. ಪಿ.ಎಲ್. 480ರ ಗೋದಿಯ ಕೂಡ ಬಂತೆಂಬುದು ಜನಜನಿತವಾದ ಮಾತು. ಆದರೆ ಆ ಒಪ್ಪಂದಕ್ಕೆ ಸಹಿ ಬಿದ್ದದ್ದು 1956ರ ಆಗಸ್ಟ್‌ನಲ್ಲಿ. 1951ರಲ್ಲಿಯೇ ಅಮೇರಿಕೆಯ ಗೋದಿ ಸಾಲವಾಗಿ ಬಂದಿತ್ತು. ತಪ್ಪು ಧಾನ್ಯದ್ದೇ ಇದ್ದರೆ ಆ ಮೊದಲಿನ ಚೀಲಗಳದೆಂದು ಹೇಳುವುದು ಹೆಚ್ಚು ಸರಿಯಾದೀತು. ಅದೇನೇ ಇರಲಿ, ಇಪ್ಪತ್ತು ವರ್ಷಗಳೊಳಗೆ ಅದು ಕರ್ನಾಟಕವನ್ನು ತುಂಬಿಕೊಂಡಿತು. 1975ರಲ್ಲಿ ಕರ್ನಾಟಕ ಸರಕಾರ 1968ರ ಕೃಷಿ ಕೀಟ ಮತ್ತು ರೋಗಗಳ ಕಾಯದೆಯ ಕೆಳಗೆ ಇದನ್ನು ಪೀಡೆಯ ಕಳೆ ಎಂದು ಸಾರಬೇಕಾಯಿತು. ನಾವು ಊರು ಬಿಟ್ಟು ಪುಣೆಗೆ ಬಂದೆವು, ಕಸ ಪುಣೆ ಬಿಟ್ಟು ನಮ್ಮ ಊರಿಗೆ ಹೋಯಿತು. ಸಾರಿದ ಮಾತ್ರಕ್ಕೆ ಅದು ತಿರುಗಿ ಬರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಯಾವ ಕಸವನ್ನೇ ಆಗಲಿ ಕೀಳುವ ಮೊದಲು ಅದು ತನ್ನ ಗಂಟನ್ನು ಎಲ್ಲಿ ಇಟ್ಟಿದೆ ಎಂದು ನೋಡಬೇಕು. ಬ್ರಿಟನ್ನಿನ ಗುಡ್ಡಗಾಡಿನ ಒಕ್ಕಲಿಗರಿಗೆ ಬ್ರ್ಯಾಕನ್ ಎಂಬ ಒಂದು ಜರೀಗಿಡದ ಕಾಟ. ಅದರ ಗಂಟು ಇರುವುದು ನೆಲದೊಳಗೆ, ಬೆರಳು ದಪ್ಪದ ಹರಿದಾಡುವ ಬೇರಿನಲ್ಲಿ. ಆದ್ದರಿಂದ ಅವರು ಬೇಸಿಗೆಯಲ್ಲಿ ಎರಡು ಸಲದಂತೆ ಹಲವು ವರ್ಷ ಬಿಡದೆ ಕೊಯ್ಯುತ್ತಾರೆ. ಪ್ರತಿ ಸಲ ಹೊಸ ಎಲೆ ಎಬ್ಬಿಸಲು ಬೇರು ತನ್ನ ಸಂಗ್ರಹವನ್ನು ಖರ್ಚು ಮಾಡಿ, ಕಡೆಗೆ ಬರಿಗೈ ಆಗುತ್ತದೆ. ನಮ್ಮ ಕಡೆ ಇದೇ ಜಾತಕದವು ಕರಿಕೆ ಮತ್ತು ಜೇಕು. ಕರಿಕೆಯನ್ನು ಆಳವಾಗಿ ಅಗೆದು, ಬೇರನ್ನು ಬಿಸಿಲಿಗೆ ಹಾಕಬೇಕೆಂಬುದನ್ನು ನಮ್ಮ ಹಿರಿಯರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಕಾಂಗ್ರೆಸ್ ಕಸದ ಲೆಕ್ಕವೇ ಬೇರೆ. ಅದರ ಬೇರಿನಲ್ಲಿ ಏನೂ ಇಲ್ಲ. ಅದರ ಗಂಟೆಲ್ಲ ಬೀಜದಲ್ಲಿದೆ. ಚೆನ್ನಾಗಿ ಬೆಳೆದ ಒಂದು ಗಿಡ ಹತ್ತು ಹದಿನೈದು ಸಾವಿರ ಬೀಜ ಕೊಡುತ್ತದೆ. ನೂರಕ್ಕೆ ಒಂದು ಬೀಜ ಬೆಳೆದರೂ ಒಂದು ಗಿಡದಿಂದ ನೂರೈವತ್ತು ಗಿಡ. ಅವುಗಳಿಂದ ಇಪ್ಪತ್ತೆರಡು ಸಾವಿರದ ಐನೂರು. ಗುಮಾಸ್ತರಾದವರು ಇದಕ್ಕೆ ಮುಂದಿನ ಸಾಲನ್ನು ತಾವೇ ಹಾಕಿಕೊಳ್ಳಬಹುದು. ಮೊಳೆತ ನಾಲ್ಕರಿಂದ ಆರು ವಾರಗಳಲ್ಲಿ ಹೂ ಬಿಡುತ್ತದೆ. ತೇವ ಸಿಕ್ಕರೆ ಒಂದೇ ವರ್ಷದಲ್ಲಿ ಮೂರು ನಾಲ್ಕು ಪೀಳಿಗೆ ಮುಗಿಸುತ್ತದೆ. ಬೀಜ ಸಾಸಿವೆಗಿಂತ ಸಣ್ಣದು, ಹಗುರ. ನೀರಿನ ಮೇಲೆ ತೇಲುತ್ತದೆ, ಕೆಸರಿನ ಕೂಡ ಗಾಡಿಯ ಗಾಲಿಗೆ ಅಂಟುತ್ತದೆ, ಮೇವಿನ ಕೂಡ, ಉಸುಕಿನ ಕೂಡ ಊರೂರು ತಿರುಗುತ್ತದೆ. ಮಣ್ಣಿನೊಳಗೆ ಹೂತುಕೊಂಡದ್ದು ಹಲವು ವರ್ಷ ಜೀವ ಹಿಡಿದು ಕಾಯುತ್ತದೆ.

ಇದರಿಂದ ಎರಡು ಸಂಗತಿ ತಿಳಿಯುತ್ತವೆ. ಹೂ ಬಿಡುವ ಮೊದಲು ಕಿತ್ತದ್ದಷ್ಟೇ ಕಿತ್ತ ಲೆಕ್ಕ. ಎರಡನೆಯದು, ಒಂದು ವರ್ಷ ಕಿತ್ತು ಕೈ ತೊಳೆದುಕೊಂಡರೆ ಸಾಲದು. ನೆಲದೊಳಗಿನ ಹಳೆಯ ಬಾಕಿ ತೀರುವ ತನಕ, ಮೂರು ನಾಲ್ಕು ವರ್ಷವಾದರೂ, ಹೊಸ ಬೀಜ ಬೀಳಗೊಡಬಾರದು.

ಈಗ ಒಂದು ಕಹಿಯಾದ ಮಾತು. ಈ ಕಸ ಬರಿನೆಲದ ಗೆಳೆಯ. ಮೇಲೆ ನೆರಳು ಬಿದ್ದಲ್ಲಿ, ಒತ್ತಾಗಿ ಬೆಳೆ ನಿಂತಲ್ಲಿ ಅದು ಸೋಲುತ್ತದೆ. ನಮ್ಮ ಎರಿ ಹೊಲಗಳಲ್ಲಿ ಹಿಂಗಾರಿಯ ಬಿಳಿಜೋಳಕ್ಕಾಗಿ ಮುಂಗಾರಿನ ತಿಂಗಳುಗಳಲ್ಲಿ ನೆಲ ಖಾಲಿ ಇಡುವುದು ಹಿಂದಿನಿಂದ ಬಂದ ರೂಢಿ. ಆದರೆ ಆ ಖಾಲಿ ಹೊಲ ಸುಮ್ಮನೆ ಬಿದ್ದಿರುತ್ತಿರಲಿಲ್ಲ. ಮಳೆ ಬಿದ್ದು ಹದ ಬಂದಾಗೆಲ್ಲ ಎತ್ತು ಹೂಡಿ ಕುಂಟಿ ಹೊಡೆಯುತ್ತಿದ್ದರು. ಮೊಳೆತ ಕಸ ಮೊಳಕೆಯಲ್ಲಿಯೇ ಕೊಯ್ದು ಬೀಳುತ್ತಿತ್ತು. ಎತ್ತು ಕಟ್ಟಲು ಮನೆಯಲ್ಲಿ ಒಬ್ಬ ಗಂಡಾಳು ಬೇಕು. ಆ ಗಂಡಾಳು ಈಗ ಇಲ್ಲಿ, ಈ ಸಭೆಯಲ್ಲಿ ಕುಳಿತಿದ್ದಾನೆ. ಎತ್ತು ಮಾರಿದೆವು. ವರ್ಷಕ್ಕೊಮ್ಮೆ ಬಾಡಿಗೆಯ ಟ್ರ್ಯಾಕ್ಟರ್ ತರಿಸಿ ನೇಗಿಲು ಹೊಡೆಸುತ್ತೇವೆ. ಅದು ಹೋದ ಮೇಲೆ ಹೊಲ ಮೂರು ತಿಂಗಳು ದಿಕ್ಕಿಲ್ಲದೆ ಬೀಳುತ್ತದೆ. ನೇಗಿಲು ಮಣ್ಣು ಮಗುಚಿದಾಗ ಆಳದಲ್ಲಿದ್ದ ಹಳೆಯ ಬೀಜ ಮೇಲಕ್ಕೆ ಬಂತು, ಅದರ ಮೇಲೆ ಮಳೆ ಬಿತ್ತು, ಕುಂಟಿ ಬರಲಿಲ್ಲ. ಕಸಕ್ಕೆ ಇದಕ್ಕಿಂತ ಹೆಚ್ಚಿನ ಉಪಚಾರವನ್ನು ಬೀಗರೂ ಮಾಡಲಾರರು. ನಮ್ಮ ಹೊಲ ಬೆಳ್ಳಗೆ ಹೂ ಬಿಟ್ಟು ನಿಂತಾಗ ಗಾಳಿ, ನೀರು ನಮ್ಮ ಬದುವಿನ ಹತ್ತಿರ ನಿಲ್ಲುವುದಿಲ್ಲ. ಊರಲ್ಲಿಯೇ ಉಳಿದು ಒಕ್ಕಲುತನ ಮಾಡುವ ಪಕ್ಕದ ಹೊಲದವನು ಎಷ್ಟು ಶುಚಿಯಾಗಿ ಕಸ ತೆಗೆದರೂ ಮುಂದಿನ ವರ್ಷ ನಮ್ಮ ಬೀಜವನ್ನೇ ಕೀಳುತ್ತಾನೆ.

ಕೀಳುವವರ ಮೈಮೇಲೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ಗಿಡದಲ್ಲಿ ಪಾರ್ಥೆನಿನ್ ಎಂಬ ಕಹಿಯಾದ ದ್ರವ್ಯವಿದೆ. ಅದು ಎಲ್ಲರನ್ನೂ ಒಂದೇ ರೀತಿ ಬಾಧಿಸುವುದಿಲ್ಲ. ಕೆಲವರು ವರ್ಷಗಟ್ಟಲೆ ಮುಟ್ಟಿಯೂ ಸುಖವಾಗಿರುತ್ತಾರೆ. ಕೆಲವರಿಗೆ ಒಮ್ಮೆ ಹತ್ತಿತೆಂದರೆ ಮತ್ತೆ ಗಿಡ ಸೋಕದಿದ್ದರೂ, ಗಾಳಿಯಲ್ಲಿ ಬಂದ ಅದರ ಪುಡಿಯಿಂದಲೇ ಮುಖ, ಕೊರಳು, ಮೊಣಕೈ ಒಳಬದಿ ಕೆಂಪಾಗಿ ತುರಿಸಿ, ಚರ್ಮ ದಪ್ಪಗಟ್ಟುತ್ತದೆ. ಪುಣೆಯ ವೈದ್ಯರಾದ ಲೋಣಕರ ಮತ್ತು ಜೋಗ ಅವರು 1968ರಲ್ಲಿಯೇ ಈ ಚರ್ಮರೋಗದ ವಿಷಯ ಬರೆದರು. ಹೂವಿನ ಪರಾಗದಿಂದ ಸೀನು, ದಮ್ಮು ಬರುವುದುಂಟು. ದನಗಳು ಇದನ್ನು ಮೂಸಿ ಬಿಡುತ್ತವೆ. ಮೇವಿಲ್ಲದ ಕಾಲಕ್ಕೆ ತಿಂದರೆ ಹಾಲು ಕಹಿಯಾಗುತ್ತದೆ. ಆದ್ದರಿಂದ ಊರಿಗೆ ಫೋನು ಮಾಡಿ, "ಆಳು ಹಚ್ಚಿ ಕಸ ಕೀಳಿಸವ್ವಾ" ಎಂದು ಹೇಳುವಾಗ, ಆ ಆಳು ಹೆಚ್ಚಾಗಿ ನಮ್ಮ ಓಣಿಯ ಹೆಣ್ಣುಮಕ್ಕಳೇ ಎಂಬುದನ್ನು ನೆನೆಯಬೇಕು. ಪುಣೆಯಲ್ಲಿ ಅಗ್ಗದ ರಬ್ಬರಿನ ಕೈಗವಸು ಎಲ್ಲ ಪೇಟೆಗಳಲ್ಲಿಯೂ ಸಿಗುತ್ತದೆ. ಊರಿಗೆ ಹೋಗುವಾಗ ಫರಾಳದ ಡಬ್ಬಿಯ ಜೊತೆಗೆ ನಾಲ್ಕು ಜೋಡಿ ಒಯ್ದರೆ ಭಾರವಾಗದು. ಅದಿಲ್ಲದಿದ್ದರೆ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಬೇಕು. ತುಂಬುತೋಳಿನ ಅಂಗಿ, ಮುಖಕ್ಕೆ ಬಟ್ಟೆ, ಕೆಲಸ ಮುಗಿದ ಕೂಡಲೆ ಸಬಕಾರ ಹಚ್ಚಿ ಜಳಕ, ತೊಟ್ಟ ಬಟ್ಟೆ ಬೇರೆ ಒಗೆಯುವುದು. ಒಮ್ಮೆ ತುರಿಕೆ ಹತ್ತಿದವರನ್ನು ಆ ಕೆಲಸಕ್ಕೆ ಮತ್ತೆ ಕರೆಯಲೇಬಾರದು. ಒಣಗಿದ ಗಿಡವೂ ಅವರಿಗೆ ಆಗುವುದಿಲ್ಲ.

ಕೀಳುವ ಹದ ಯಾವುದು? ಮೊಳೆತ ಮೊದಲ ವಾರಗಳಲ್ಲಿ ಗಿಡ ಎತ್ತರ ಬೆಳೆಯುವುದಿಲ್ಲ. ಎಲೆಗಳು ಚಕ್ರದಂತೆ ನೆಲಕ್ಕೆ ಅಂಟಿಕೊಂಡಿರುತ್ತವೆ. ಸೇವಂತಿಗೆಯ ಸಸಿಯೆಂದು ಮೋಸಹೋಗಬಹುದು. ಕುಂಟಿಗೂ ಎಡೆಕುಂಟಿಗೂ ಕುರ್ಚಿಗಿಗೂ ಇದೇ ಹದ. ಸಣ್ಣ ಸಸಿ ಬೇರು ಕೊಯ್ದರೆ ಬಿಸಿಲಿಗೆ ಒಣಗಿ ಹೋಗುತ್ತದೆ. ಟೊಂಗೆ ಎದ್ದ ಮೇಲೆ ಕುಡಗೋಲಿನಿಂದ ಸವರಿದರೆ ಕೆಲಸ ಕೆಡುತ್ತದೆ: ಬುಡ ಉಳಿಯಿತು, ಒಂದು ಟೊಂಗೆ ಹೋದಲ್ಲಿ ನಾಲ್ಕು ಬಂದವು, ಹದಿನೈದು ದಿನಕ್ಕೆ ಮತ್ತೆ ಹೂ. ದೊಡ್ಡ ಗಿಡವನ್ನು ಮಳೆಯಾದ ಮರುದಿನ, ನೆಲ ಮೆತ್ತಗಿದ್ದಾಗ, ಬುಡ ಹಿಡಿದು ಬೇರುಸಹಿತ ಎಳೆಯಬೇಕು. ಒಣನೆಲದಲ್ಲಿ ಎಳೆದರೆ ಬುಡದಲ್ಲಿ ಮುರಿದು ಸವರಿದ ಲೆಕ್ಕವೇ ಆಗುತ್ತದೆ. ಒಂದು ದಿನದ ಪಗಾರ ಕೊಡುವುದೇ ಆದರೆ ಮಳೆಯ ಮರುದಿನಕ್ಕೆ ಕೊಡಿರಿ. ಒಣ ದಿನದ ಮೂರು ಪಗಾರಕ್ಕೆ ಅದು ಸಮ.

ಕಿತ್ತದ್ದನ್ನು ಎಲ್ಲಿ ಹಾಕಬೇಕೆಂಬುದರಲ್ಲಿಯೂ ಅನೇಕರು ಎಡವುತ್ತಾರೆ. ಹೂ ಬರದ ಹಸಿಗಿಡ ಒಳ್ಳೆಯ ಗೊಬ್ಬರ. ಗುಂಡಿ ತೋಡಿ, ಒಂದು ಪದರು ಗಿಡ, ಮೇಲೆ ಸಗಣಿ ಕದಡಿದ ನೀರು, ತುಸು ಮಣ್ಣು, ಹೀಗೆ ತುಂಬಿ ಮೇಲೆ ಮಣ್ಣು ಮುಚ್ಚಿದರೆ ನಾಲ್ಕೈದು ತಿಂಗಳಲ್ಲಿ ಕೊಳೆಯುತ್ತದೆ. ಬೀಜ ಕಟ್ಟಿದ ಗಿಡವನ್ನು ಮಾತ್ರ ಮನೆಯ ತಿಪ್ಪೆಗೆ ಒಗೆಯಬಾರದು. ಮೇಲೆ ಮೇಲೆ ಬಿದ್ದದ್ದಕ್ಕೆ ಕಾವು ತಗಲುವುದಿಲ್ಲ, ಬೀಜ ಸಾಯುವುದಿಲ್ಲ. ಯುಗಾದಿಗೆ ಗೊಬ್ಬರ ಹೊಡೆದಾಗ ನಾವೇ ಬಂಡಿಯಲ್ಲಿ ಹೇರಿ ಬಿತ್ತಿದಂತಾಗುತ್ತದೆ. ಅಂಥ ಗಿಡ ಚೀಲದಲ್ಲಿ ತುಂಬಿ, ಬೀಜ ಉದುರದಂತೆ ಒಯ್ದು, ಒಂದೇ ಜಾಗದಲ್ಲಿ ಆಳದ ಗುಂಡಿಗೆ ಹಾಕುವುದು ಒಳ್ಳೆಯದು. ಅಲ್ಲಿ ಮೊಳೆತರೆ ಕಣ್ಣಿಗೆ ಬೀಳುತ್ತದೆ.

ಕಿತ್ತ ಮೇಲೆ ನೆಲ ಬರಿದಾಗಿ ಉಳಿದರೆ ಪುನಃ ಮೊದಲಿನ ಕಥೆ. ಮುಂಗಾರಿನ ಮೊದಲ ಕಸ ಕೊಯ್ದ ಕೂಡಲೆ ಹುರುಳಿ, ಅಲಸಂದಿ ಅಥವಾ ಸೆಣಬನ್ನು ಒತ್ತಾಗಿ ಚೆಲ್ಲಿಸಬೇಕು. ಇವು ನೆಲವನ್ನು ಬೇಗನೆ ಮುಚ್ಚಿ ಕಸಕ್ಕೆ ಬಿಸಿಲು ಸಿಗದಂತೆ ಮಾಡುತ್ತವೆ. ಹುರುಳಿ ಬೆಳೆದರೆ ಕಾಳು, ಹೊಟ್ಟು. ಸೆಣಬು ಹೂ ಬರುವ ಮೊದಲು ಮಣ್ಣಿಗೆ ಹೊಡೆದರೆ ಹಿಂಗಾರಿಯ ಜೋಳಕ್ಕೆ ಗೊಬ್ಬರ. ಮನೆಯಲ್ಲಿ ಆಳಿಲ್ಲದವರಿಗೆ ಇದೊಂದೇ ಸಾಧ್ಯವಾದ ಕೆಲಸವೆಂದು ನನ್ನ ಅಭಿಪ್ರಾಯ. ಬಿತ್ತಲು ಒಂದು ದಿನ ಸಾಕು, ಮುಂದೆ ಬೆಳೆಯೇ ಕಾವಲು ಕಾಯುತ್ತದೆ.

ಬದು, ಹಾದಿಬದಿ, ಗಾಂವಠಾಣದ ಪಾಳುಜಾಗಗಳಿಗೆ ಬೇರೆ ಉಪಾಯ. ಮಳೆಗಾಲಕ್ಕೆ ತಾನಾಗಿಯೇ ಬೆಳೆಯುವ ತಗಚೆಯನ್ನು ತಾವು ಬಲ್ಲಿರಿ. ಮರಾಠಿಯವರ ಟಾಕಳಾ, ಎಳೆಯ ಎಲೆಯನ್ನು ಪಲ್ಯ ಮಾಡುತ್ತಾರೆ. ಅದೂ ಅದರ ಜಾತಿಯ ಕ್ಯಾಸಿಯಾ ಸೆರಿಸಿಯಾ ಎಂಬ ಗಿಡವೂ ಒತ್ತಾಗಿ ಬೆಳೆದು ಕಾಂಗ್ರೆಸ್ ಕಸವನ್ನು ಹಿಂದೆ ಸರಿಸುತ್ತವೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಂ. ಮಹದೇವಪ್ಪನವರು ಈ ವಿಧಾನಕ್ಕೆ ಬಹಳ ಪ್ರಚಾರ ಕೊಟ್ಟರು. ಹಿಂದಿನ ವರ್ಷದ ಒಣಗಿದ ಕಾಯಿಗಳಿಂದ ಬೀಜ ಕೂಡಿಸಿ, ಮಳೆಗೆ ಮುಂಚೆ ಆ ಜಾಗಗಳಲ್ಲಿ ಚೆಲ್ಲಿದರಾಯಿತು. ಬೀಜ ಅಂಗಡಿಯಲ್ಲಿ ಕೊಳ್ಳುವಂತಿಲ್ಲ, ಕೊಳ್ಳುವ ಕಾರಣವೂ ಇಲ್ಲ. ಆದರೆ ಉಳುವ ಹೊಲದೊಳಗೆ ಚೆಲ್ಲಬೇಡಿರಿ. ಅಲ್ಲಿ ತಗಚೆಯೂ ಕಸವೇ. ಕಳ್ಳನನ್ನು ಓಡಿಸಲು ತಂದ ಕಾವಲುಗಾರ ಅಡಿಗೆಮನೆಗೆ ಬರಬಾರದು.

ಮೆಕ್ಸಿಕೋದ ಹುಳದ ವಿಷಯವನ್ನು ಕೆಲವರು ಕೇಳಬಹುದು. ಗಿಡದ ತೌರೂರು ಅಮೇರಿಕಾ ಖಂಡ. ಅಲ್ಲಿ ಅದನ್ನು ತಿನ್ನುವ ಹುಳಗಳಿವೆ, ಇಲ್ಲಿಗೆ ಬರುವಾಗ ಗಿಡ ಮಾತ್ರ ಬಂತು, ಅದರ ವೈರಿಗಳು ಅಲ್ಲಿಯೇ ಉಳಿದವು. ಆದ್ದರಿಂದ 1983ರಲ್ಲಿ ಮೆಕ್ಸಿಕೋದಿಂದ ಜೈಗೋಗ್ರಾಮಾ ಎಂಬ ದುಂಬಿಯನ್ನು ಬೆಂಗಳೂರಿಗೆ ತರಿಸಿ, ಪರೀಕ್ಷೆ ಮಾಡಿ, 1984ರಲ್ಲಿ ಬಯಲಿಗೆ ಬಿಟ್ಟರು. ಮಾಸಲು ಬಿಳುಪಿನ ಬೆನ್ನ ಮೇಲೆ ಕಂದು ಗೆರೆಗಳಿರುವ, ತೊಗರಿಕಾಳಿನಷ್ಟು ಗಾತ್ರದ ಹುಳ. ಅದೂ ಅದರ ಮರಿಗಳೂ ಎಲೆ, ಕುಡಿ ತಿಂದು ಗಿಡವನ್ನು ಬೋಳು ಮಾಡುತ್ತವೆ. ನಾಲ್ಕು ವರ್ಷಗಳಲ್ಲಿ ಬೆಂಗಳೂರಿನ ಸುತ್ತ ಅದರ ಕೆಲಸ ಕಣ್ಣಿಗೆ ಕಾಣುವಂತಾಯಿತು. 1990ರ ದಶಕದ ಆರಂಭದಲ್ಲಿ ಅದು ಸೂರ್ಯಕಾಂತಿಯ, ಅಂದರೆ ನಮ್ಮ ಸೂರ್ಯಪಾನದ, ಎಲೆಯ ಮೇಲೆ ಕಂಡು ದೊಡ್ಡ ಗದ್ದಲವೆದ್ದಿತು. ಬೇರೆ ಕಡೆ ಬಿಡುವುದನ್ನು ನಿಲ್ಲಿಸಿ ವಿಚಾರಣೆ ನಡೆಸಿದರು. 1999ರಲ್ಲಿ ಆ ತಡೆ ತೆಗೆದರು. ಹುಳ ಒಳ್ಳೆಯ ಆಳು, ಆದರೆ ಮಳೆಗಾಲದ ಆಳು. ಚಳಿಗಾಲದಿಂದ ಮುಂದಿನ ಮಳೆಯ ತನಕ ಮಣ್ಣಿನೊಳಗೆ ಮಲಗುತ್ತದೆ. ನೀರಾವರಿಯ ಕಾಲುವೆದಂಡೆಯಲ್ಲಿ ಆ ತಿಂಗಳುಗಳಲ್ಲಿ ಬೆಳೆಯುವ ಕಸಕ್ಕೆ ಅದರಿಂದ ಏನೂ ಆಗದು. ನಮ್ಮ ಬದುವಿನಲ್ಲಿ ಈ ಹುಳ ಕಂಡರೆ ಕೀಟನಾಶಕ ಹೊಡೆದು ಕೊಲ್ಲದಿದ್ದರೆ ಸಾಕು. ಅದನ್ನೇ ನಂಬಿ ಕೈ ಕಟ್ಟಿ ಕೂಡ್ರುವುದು ಬೇಡ.

ಇಷ್ಟೆಲ್ಲ ಏಕೆ, ಒಂದು ಡಬ್ಬಿ ಔಷಧ ತಂದು ಹೊಡೆದರಾಗದೆ ಎಂದು ಕೇಳುವವರಿದ್ದಾರೆ. ಹೊಡೆದರೆ ಗಿಡ ಸಾಯುತ್ತದೆ, ಸುಳ್ಳಲ್ಲ. ಆದರೆ ಗ್ಲೈಫೊಸೇಟ್ ಹುಲ್ಲನ್ನೂ ತಗಚೆಯನ್ನೂ ಕೊಂದು ನೆಲವನ್ನು ಬರಿದು ಮಾಡುತ್ತದೆ. ಬರಿನೆಲ ಯಾರಿಗೆ ಬೇಕೆಂದು ಆಗಲೇ ಹೇಳಿದೆ. ಮಣ್ಣಿನೊಳಗಿನ ಬೀಜಕ್ಕೆ ಅದು ತಗಲುವುದಿಲ್ಲ. ಇನ್ನೊಂದು ಔಷಧ, 2,4-ಡಿ, ಗಾಳಿಗೆ ಹಾರಿ ಪಕ್ಕದ ಹೊಲದ ಹತ್ತಿಯನ್ನು ಮುರುಟಿಸಿದರೆ ನೆರೆಹೊರೆಯ ಜಗಳಕ್ಕೆ ಅಷ್ಟೇ ಸಾಕು. ಕೊಲಂಬಿಯಾ ದೇಶದಲ್ಲಿ ಗ್ಲೈಫೊಸೇಟಿಗೂ ಬಗ್ಗದ ಕಾಂಗ್ರೆಸ್ ಕಸ 2004ರಲ್ಲಿಯೇ ಕಂಡುಬಂದಿದೆ. ಉಪ್ಪಿನ ನೀರನ್ನು ಹೊಡೆಯಿರಿ ಎಂಬ ಸಲಹೆಯೂ ಇದೆ, ನೂರು ಲೀಟರಿಗೆ ಹದಿನೈದು ಇಪ್ಪತ್ತು ಕಿಲೋ ಉಪ್ಪು. ಅಡಿಗೆಯ ಉಪ್ಪಾದ್ದರಿಂದ ಇದು ನಿರುಪದ್ರವಿಯೆಂದು ತಿಳಿಯಬಾರದು. ಅಂಗಳದ ಫರಸಿಯ ಸಂದಿಗೆ ಸರಿ. ಹೊಲಕ್ಕೆ ಹಾಕಿದರೆ ನೆಲವೇ ಸವುಳಾಗುತ್ತದೆ.

ಪುಣೆಯಲ್ಲಿ ಗಿಡ ಕಂಡ ಅದೇ 1955ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿಯೂ ಅದು ಕಂಡಿತ್ತು. 1960ರಲ್ಲಿ ಟೆಕ್ಸಾಸಿನಿಂದ ತರಿಸಿದ ಹುಲ್ಲಿನ ಬೀಜದ ಕೂಡ ಮತ್ತೊಮ್ಮೆ ಬಂದು ದನಗಳ ಹುಲ್ಲುಗಾವಲನ್ನೆಲ್ಲ ಆವರಿಸಿತು. ಅಲ್ಲಿಯವರು ಕಲಿತ ಪಾಠ ಎರಡೇ. ಬರಗಾಲದ ನಂತರ ದನಗಳನ್ನು ಕಡಿಮೆ ಮಾಡಿ ಹುಲ್ಲು ದಟ್ಟವಾಗಿ ಮುಚ್ಚಗೊಡುವುದು. ಕಸದ ಜಾಗದಿಂದ ಹೊರಟ ಗಾಡಿ, ಯಂತ್ರಗಳನ್ನು ತೊಳೆಯುವುದು. ನಮ್ಮಲ್ಲಿ ಊರಿಂದೂರಿಗೆ ತಿರುಗುವ ಬಾಡಿಗೆಯ ಟ್ರ್ಯಾಕ್ಟರ್, ರಾಶಿಯ ಯಂತ್ರ ಯಾರ ಹೊಲದ ಮಣ್ಣನ್ನು ಹೊತ್ತು ತಂದಿವೆಯೆಂದು ಯಾರೂ ನೋಡುವುದಿಲ್ಲ. ಹೊಲದೊಳಗೆ ಇಳಿಯುವ ಮುಂಚೆ ಗಾಲಿಯ ಮಣ್ಣು ಕೆರೆಯಿರೆಂದು ಹೇಳಲು ನಾಚಿಕೆ ಏತರದು?

ಜಬಲಪುರದಲ್ಲಿರುವ ಕಳೆ ಸಂಶೋಧನಾ ನಿರ್ದೇಶನಾಲಯದವರು ವರ್ಷವರ್ಷವೂ ಆಗಸ್ಟ್ 16ರಿಂದ 22ರ ತನಕ ಈ ಕಸದ ಜಾಗೃತಿ ಸಪ್ತಾಹ ಮಾಡಿಸುತ್ತಾರೆ. ಒಳ್ಳೆಯ ಕೆಲಸ. ಆದರೆ ಜೂನಿನಲ್ಲಿ ಮೊಳೆತ ಗಿಡ ಅಷ್ಟು ಹೊತ್ತಿಗೆ ಹೂ ಬಿಟ್ಟಿರುತ್ತದೆ. ನಮ್ಮ ಹಬ್ಬಗಳ ಲೆಕ್ಕ ಇಟ್ಟುಕೊಂಡರೆ ಹೆಚ್ಚು ಅನುಕೂಲ. ಕಾರಹುಣ್ಣಿಮೆಗೆ ಊರಿಗೆ ಹೋಗುವವರಿಗೆ ಕೆಲಸ ಹಗುರ. ಕಸ ಇನ್ನೂ ನೆಲಕ್ಕೆ ಅಂಟಿಕೊಂಡಿರುತ್ತದೆ, ಎತ್ತು ಇದ್ದವರ ಹತ್ತಿರ ಅರ್ಧ ದಿನದ ಬಾಡಿಗೆಗೆ ಕುಂಟಿ ಹೊಡೆಸಿ, ಹಿಂದಿನಿಂದಲೇ ಹುರುಳಿ ಚೆಲ್ಲಿಸಬಹುದು. ಹೋಗಲಾಗದವರು ಅದೇ ವಾರ ದುಡ್ಡು ಕಳಿಸಿ ಪಕ್ಕದ ಹೊಲದವರಿಗೆ ಹೇಳಬೇಕು. ತಮ್ಮ ಹೊಲಕ್ಕೆ ಬೀಜ ಬಾರದೆಂದರೆ ಅವರೂ ಸಂತೋಷದಿಂದ ಮಾಡಿಕೊಡುವರು. ಪಂಚಮಿಗೆ ಹೋಗುವವರು ಹೂ ಕಾಣುವರು, ಜೋಕಾಲಿ ಆಡುವ ಮುಂಚೆ ಕೀಳಬೇಕು. ದೀಪಾವಳಿಗೆ ಹೋಗುವವರಿಗೆ ಎರಡನೆಯ ಪೀಳಿಗೆ ಸಿಗುತ್ತದೆ, ಚೀಲ ಒಯ್ಯಬೇಕು. ಎಳ್ಳಮಾವಾಸ್ಯೆಗೆ ಚರಗ ಚೆಲ್ಲುತ್ತ ಹೊಲವನ್ನು ಸುತ್ತುವಾಗ ನಾಲ್ಕೂ ಬದುಗಳ ಮೇಲೆ ಕಾಲಿಡುತ್ತೇವಲ್ಲ, ಆಗ ಎಲ್ಲಿ ಒಣಗಿದ ಗಿಡ ನಿಂತಿದೆಯೆಂದು ನೋಡಿ ಗುರುತು ಹಾಕಿಕೊಳ್ಳಬೇಕು. ಮುಂದಿನ ಮಳೆಗೆ ಮೊದಲು ತಗಚೆಯ ಬೀಜ ಬೀಳಬೇಕಾದದ್ದು ಆ ಜಾಗಕ್ಕೆ.